ಟಿ-ಡಬ್ಲ್ಯೂ, ಕೆ-ಎನ್, ಡಬ್ಲ್ಯೂ-ಆರ್: ನಾನು ಇಂಗ್ಲಿಷ್ ಪದಗಳನ್ನು ಕಲಿಯುವ ಕ್ರಮ

ಇಂಗ್ಲಿಷ್ ಪದಸಂಪತ್ತನ್ನು ಬೆಳೆಸಿಕೊಳ್ಳಲು ನಾನು ಅನುಸರಿಸುತ್ತ ಬಂದಿರುವುದು ಅಕಾರಾದಿ ಪಟ್ಟಿಯನ್ನಲ್ಲ. ಒಂದೇ ಅಕ್ಷರಜೋಡಿಯುಳ್ಳ ಪದಗಳನ್ನು ಒಂದು ಹಾಳೆಯಲ್ಲಿ ಬರೆದು, ಪ್ರತಿಯೊಂದರ ಎದುರು ಕನ್ನಡದ ಅರ್ಥವನ್ನೂ ನಿಘಂಟು ಕೊಡುವ ವ್ಯುತ್ಪತ್ತಿಯನ್ನೂ ದಾಖಲಿಸಿ, ಅಕ್ಷರಗಳ ಹೋಲಿಕೆ ಅರ್ಥದ ನಂಟಿನಿಂದ ಬಂದದ್ದೋ ಆಕಸ್ಮಿಕವೋ ಎಂದು ಪರೀಕ್ಷಿಸುತ್ತೇನೆ. ನಂಟಿಲ್ಲದ ಪದಗಳನ್ನು ಹಾಳೆಯ ಕೆಳಭಾಗದಲ್ಲಿ ಒಂದು ಗೆರೆ ಎಳೆದು ಅದರ ಕೆಳಗೆ ಬರೆಯುತ್ತೇನೆ. ಬಾಯಿಪಾಠಕ್ಕಿಂತ ಈ ಪರೀಕ್ಷೆಯೇ ಪದವನ್ನು ನೆನಪಿನಲ್ಲಿ ನಿಲ್ಲಿಸುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲು ಸಿದ್ಧವಾದದ್ದು ಟಿ-ಡಬ್ಲ್ಯೂ ಹಾಳೆ. ಎರಡು ಎಂಬ ಅರ್ಥದ ‘ಟೂ’ ಪದದಲ್ಲಿ ಉಚ್ಚಾರಕ್ಕೆ ಬಾರದ ಡಬ್ಲ್ಯೂ ಏಕಿದೆ ಎಂಬುದಕ್ಕೆ ಉತ್ತರ ಅದರ ಬಂಧುಗಳಲ್ಲಿದೆ. ಹನ್ನೆರಡನ್ನು ಹೇಳುವ ‘ಟ್ವೆಲ್ವ್’, ಇಪ್ಪತ್ತನ್ನು ಹೇಳುವ ‘ಟ್ವೆಂಟಿ’, ಎರಡು ಸಲ ಎನ್ನುವ ‘ಟ್ವೈಸ್’, ಅವಳಿ ಎನ್ನುವ ‘ಟ್ವಿನ್’, ಎರಡರ ನಡುವೆ ಎನ್ನುವ ‘ಬಿಟ್ವೀನ್’, ಎಳೆಗಳನ್ನು ಹೊಸೆದು ಮಾಡಿದ ಹುರಿಯಾದ ‘ಟ್ವೈನ್’ ಇವೆಲ್ಲದರಲ್ಲೂ ಆ ಅಕ್ಷರ ಸ್ಪಷ್ಟವಾಗಿ ಕೇಳಿಸುತ್ತದೆ, ಇವೆಲ್ಲದರ ಒಡಲಲ್ಲೂ ಎರಡು ಎಂಬ ಭಾವವಿದೆ. ಹಕ್ಕಿಯ ಚಿಲಿಪಿಲಿಯನ್ನು ಸೂಚಿಸುವ ‘ಟ್ವಿಟರ್’ ಮಾತ್ರ ಅನುಕರಣ ಪದವಾದ್ದರಿಂದ ಗೆರೆಯ ಕೆಳಗೆ ಹೋಯಿತು.

ಕನ್ನಡ ಓದುಗರಿಗೆ ಇಲ್ಲೊಂದು ವಿಶೇಷ ಅನುಕೂಲವಿದೆ. ನಾವು ನಿತ್ಯ ಬಳಸುವ ದ್ವಿಗುಣ, ದ್ವಂದ್ವ, ದ್ವಾದಶಿ ಪದಗಳಲ್ಲಿರುವ ಸಂಸ್ಕೃತದ ‘ದ್ವಿ’ಯೂ ಇಂಗ್ಲಿಷಿನ ‘ಟೂ’ ಕೂಡ ಒಂದೇ ಪ್ರಾಚೀನ ಮೂಲದಿಂದ ಬಂದವು. ಸಂಸ್ಕೃತದಲ್ಲಿ ‘ದ’ ಇರುವ ಕಡೆ ಇಂಗ್ಲಿಷಿನಲ್ಲಿ ‘ಟ’ ಬರುವುದು ಯಾಕೋಬ್ ಗ್ರಿಮ್ 1822ರಲ್ಲಿ ವಿವರಿಸಿದ ಧ್ವನಿನಿಯಮದ ಒಂದು ಭಾಗ. ದಶಕ್ಕೆ ‘ಟೆನ್’, ದಂತಕ್ಕೆ ‘ಟೂತ್’ ಇರುವುದೂ ಇದೇ ನಿಯಮದಿಂದ. ಇದನ್ನು ತಿಳಿದ ಮೇಲೆ ಸಂಸ್ಕೃತದಿಂದ ಕನ್ನಡಕ್ಕೆ ಬಂದ ಒಂದು ಪದವಾದರೂ ಸಿಗುತ್ತದೆಯೇ ಎಂದು ಪ್ರತಿ ಹಾಳೆಯಲ್ಲೂ ಹುಡುಕುವುದನ್ನು ರೂಢಿಸಿಕೊಂಡೆ.

ಕೆ-ಎನ್ ಹಾಳೆಯಲ್ಲಿ ಆ ಹುಡುಕಾಟ ಚೆನ್ನಾಗಿ ಫಲಿಸಿತು. ಮಂಡಿ ಎಂಬರ್ಥದ ‘ನೀ’, ಮಂಡಿಯೂರು ಎಂಬರ್ಥದ ‘ನೀಲ್’, ಬೆರಳಗೆಣ್ಣು ಎಂಬರ್ಥದ ‘ನಕಲ್’, ಗಂಟು ಎಂಬರ್ಥದ ‘ನಾಟ್’ ಮತ್ತು ಅದರಿಂದಲೇ ಹುಟ್ಟಿದ, ಹೆಣೆಯುವುದನ್ನು ಹೇಳುವ ‘ನಿಟ್’, ಇವೆಲ್ಲ ಕೆ ಅಕ್ಷರದಿಂದಲೇ ಆರಂಭವಾಗುತ್ತವೆ. ಹಳೆಯ ಇಂಗ್ಲಿಷಿನಲ್ಲಿ ಆ ಕೆ ಉಚ್ಚಾರದಲ್ಲೂ ಇತ್ತು, ಜರ್ಮನ್ ಭಾಷೆಯ ‘ಕ್ನೀ’ಯಲ್ಲಿ ಇಂದಿಗೂ ಇದೆ. ಕೈಗಳು ಮಂಡಿಯವರೆಗೆ ಇಳಿಬಿದ್ದವನನ್ನು ನಾವು ಆಜಾನುಬಾಹು ಎನ್ನುತ್ತೇವಲ್ಲ, ಅದರೊಳಗಿನ ‘ಜಾನು’ ಈ ಮಂಡಿಯ ಪದಕ್ಕೆ ಸೋದರಸಂಬಂಧಿ. ತಿಳಿ ಎಂಬರ್ಥದ ‘ನೋ’ ಪದಕ್ಕೂ ‘ಜ್ಞಾನ’ಕ್ಕೂ ಇಂಥದೇ ಸಂಬಂಧವಿದೆ. ಹಾಗೆಂದು ‘ನೀ’ ಮತ್ತು ‘ನೋ’ ಪರಸ್ಪರ ಬಂಧುಗಳೆಂದು ಹೇಳಲಾಗದು. ಅಕ್ಷರಗಳು ಸಮಾನವಾಗಿದ್ದರೂ ಅವುಗಳ ಧಾತುಗಳು ಬೇರೆಯಾದ್ದರಿಂದ ಈ ಹಾಳೆಯನ್ನು ನಾನು ಎರಡು ಅಂಕಣಗಳಾಗಿ ಸೀಳಬೇಕಾಯಿತು.

ಹೆಚ್ಚು ಸಮಯ ಬೇಡಿದ್ದೂ ಹೆಚ್ಚು ತೃಪ್ತಿ ಕೊಟ್ಟದ್ದೂ ಡಬ್ಲ್ಯೂ-ಆರ್ ಹಾಳೆ. ಇಲ್ಲಿ ಡಬ್ಲ್ಯೂ ಕಿವಿಗೆ ಬೀಳುವುದಿಲ್ಲ, ಆದರೆ ಅದು ಇರುವ ಬಹುಪಾಲು ಪದಗಳಲ್ಲಿ ತಿರುಚುವ ಕ್ರಿಯೆ ಅಡಗಿದೆ. ‘ರಿಸ್ಟ್’ ಎಂದರೆ ತಿರುಗುವ ಮಣಿಕಟ್ಟು, ‘ರೆಂಚ್’ ಎಂದರೆ ತಿರುಚಿ ಎಳೆಯುವುದು, ‘ರಿಂಕಲ್’ ಎಂದರೆ ಸುಕ್ಕು, ‘ರೀತ್’ ಎಂದರೆ ಬಳ್ಳಿಯನ್ನು ಸುತ್ತಿ ಮಾಡಿದ ಹೂವಿನ ಚಕ್ರ, ‘ರೈದ್’ ಎಂದರೆ ನೋವಿನಿಂದ ಹೊರಳಾಡುವುದು, ‘ರೈ’ ಎಂದರೆ ಸೊಟ್ಟ. ತಪ್ಪು ಎಂಬರ್ಥದ ‘ರಾಂಗ್’ ಕೂಡ ಮೂಲದಲ್ಲಿ ಡೊಂಕು ಎಂದೇ ಅರ್ಥ ಕೊಡುತ್ತಿತ್ತು. ‘ರಿಂಗ್’ ಎಂಬ ಒಂದೇ ಉಚ್ಚಾರಕ್ಕೆ ಎರಡು ಕಾಗುಣಿತಗಳಿವೆ: ಡಬ್ಲ್ಯೂ ಇಲ್ಲದ್ದು ಉಂಗುರ, ಇರುವುದು ಒದ್ದೆ ಬಟ್ಟೆಯನ್ನು ಹಿಂಡುವುದು. ನಮ್ಮ ‘ಹಿಂಡು’ ಹಣ್ಣಿಗೂ ಬಟ್ಟೆಗೂ ಸಲ್ಲುತ್ತದೆ, ಇಂಗ್ಲಿಷಿನ ಈ ಪದ ಮುಖ್ಯವಾಗಿ ತಿರುಚಿ ಹಿಂಡುವುದಕ್ಕೆ ಸಲ್ಲುತ್ತದೆ. ಆದ್ದರಿಂದ ಅದರ ಎದುರು ನಾನು ಬರಿದೇ ‘ಹಿಂಡು’ ಎಂದು ಬರೆಯದೆ ‘ತಿರುಚಿ ಹಿಂಡು’ ಎಂದು ಬರೆದಿದ್ದೇನೆ.

ಗೆರೆಯ ಕೆಳಗೆ ಉಳಿದವುಗಳಲ್ಲಿ ಎರಡನ್ನು ಹೇಳಲೇಬೇಕು. ಬರೆಯುವುದನ್ನು ಸೂಚಿಸುವ ‘ರೈಟ್’ ಹಿಂದೆ ಗೀರುವುದನ್ನು, ಕೆತ್ತುವುದನ್ನು ಹೇಳುತ್ತಿತ್ತು. ನಾಟಕಕಾರ ಎಂಬರ್ಥದ ‘ಪ್ಲೇರೈಟ್’ನ ಕೊನೆಯ ಭಾಗವಾದರೋ ಬರೆಯುವುದಕ್ಕೆ ಸಂಬಂಧಿಸಿದ್ದೇ ಅಲ್ಲ. ಅದು ಕೆಲಸ ಎಂಬ ಅರ್ಥದ ‘ವರ್ಕ್’ನ ಬಂಧು, ಕಟ್ಟುವ ಕುಶಲಕರ್ಮಿ ಎಂದು ಅದರ ಅರ್ಥ. ಕಾಗುಣಿತದಲ್ಲಿ ಜಿ-ಎಚ್ ಸೇರುವುದು ಆ ಕಾರಣದಿಂದ.

ಹೊಳಪಿನ ಪದಗಳ ಜಿ-ಎಲ್ ಗುಂಪು, ಮೂಗಿನ ಪದಗಳ ಎಸ್-ಎನ್ ಗುಂಪು ಬೇರೊಂದು ಬಗೆಯವು. ಇಂಥ ಧ್ವನಿ-ಅರ್ಥಗಳ ಒಡನಾಟಕ್ಕೆ ಭಾಷಾಶಾಸ್ತ್ರಜ್ಞ ಜೆ. ಆರ್. ಫರ್ತ್ 1930ರಲ್ಲಿ ‘ಫೋನೆಸ್ಥೀಮ್’ ಎಂಬ ಹೆಸರು ಕೊಟ್ಟರು. ಸೀನುವುದನ್ನು ಹೇಳುವ ‘ಸ್ನೀಜ್’ ಮೊದಲು ಎಫ್-ಎನ್‌ನಿಂದ ಆರಂಭವಾಗುತ್ತಿದ್ದು ಕಾಲಾಂತರದಲ್ಲಿ ಎಸ್-ಎನ್ ಗುಂಪಿಗೆ ಬಂದು ಸೇರಿತು.

ಲ್ಯಾಟಿನ್ ಮೂಲದ ಪಿ-ಇ-ಡಿ ಹಾಳೆಯಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು. ‘ಪೆಡಲ್’, ಪಾದಚಾರಿ ಎಂಬರ್ಥದ ‘ಪೆಡೆಸ್ಟ್ರಿಯನ್’, ಶತಪದಿ ಎಂಬರ್ಥದ ‘ಸೆಂಟಿಪೀಡ್’ ಇವು ನಮ್ಮ ‘ಪಾದ’ದ ಬಳಗ. ಮಕ್ಕಳ ವೈದ್ಯರನ್ನು ಸೂಚಿಸುವ ‘ಪೀಡಿಯಾಟ್ರಿಷಿಯನ್’ ಮಾತ್ರ ಮಗು ಎಂಬರ್ಥದ ಗ್ರೀಕ್ ಪದದಿಂದ ಬಂದದ್ದು. ಬ್ರಿಟಿಷ್ ಕಾಗುಣಿತದಲ್ಲಿ ಅದಕ್ಕೆ ಪಿ-ಎ-ಇ-ಡಿ ಎಂದಿರುವುದರಿಂದ ಎರಡು ಬಳಗಗಳ ಭೇದ ಕಣ್ಣಿಗೇ ಕಾಣುತ್ತದೆ, ಹಾಗಾಗಿ ಈ ಹಾಳೆಯನ್ನು ಆ ಕಾಗುಣಿತದಲ್ಲೇ ಬರೆದಿಟ್ಟಿದ್ದೇನೆ. ಬೋಧನಾಶಾಸ್ತ್ರ ಎಂಬರ್ಥದ ‘ಪೆಡಗಾಜಿ’ಗೂ ಆ ಗ್ರೀಕ್ ಪದವೇ ಮೂಲ. ಆದರೆ ಅದರಲ್ಲಿ ‘ಎ’ ಉಳಿದಿಲ್ಲವಾದ್ದರಿಂದ, ಅದರ ಪಕ್ಕದಲ್ಲಿ ‘ಮಗು’ ಎಂದು ಕನ್ನಡದಲ್ಲಿ ಗುರುತು ಹಾಕಿಕೊಂಡಿದ್ದೇನೆ.