ಹೊಡೆದಾಟ ಕಾಣದ ಕಡೆ ನಾಯಕಿಯನ್ನು ಬರೆಯುವುದು

ನಾನು ಆಡಿಯೋ ಧಾರಾವಾಹಿ ಬರೆಯುತ್ತೇನೆ. ಇಯರ್‌ಫೋನ್ ಹಾಕಿಕೊಂಡು ಫೋನಿನಲ್ಲಿ ಕೇಳುವ ಕಥೆಗಳು, ಅದರಲ್ಲೂ ಮಾಯ, ಮಂತ್ರ, ಶಕ್ತಿ ಇರುವ ಫ್ಯಾಂಟಸಿ ಕಥೆಗಳು. ಕೇಳುವವರು ಬಸ್ಸಿನಲ್ಲಿ ನಿಂತಿರುತ್ತಾರೆ, ಒಲೆ ಮುಂದೆ ಇರುತ್ತಾರೆ, ರಾತ್ರಿ ಪಾಳಿಯಲ್ಲಿ ಗೇಟ್ ಕಾಯುತ್ತಿರುತ್ತಾರೆ. ಈ ಕೆಲಸದಲ್ಲಿ ಒಂದು ಕಟ್ಟುಪಾಡಿದೆ. ಹೊಡೆದಾಟ ಕಾಣುವುದಿಲ್ಲ. ನಾಯಕಿ ಹತ್ತು ಜನರನ್ನು ಉರುಳಿಸಿದರೂ ಕಿವಿಗೆ ಬೀಳುವುದು ಧಡ್, ಧಡ್, ಅಯ್ಯೋ ಅಷ್ಟೇ. ಕೈಯಿಂದ ಬೆಳಕು ಚಿಮ್ಮುವುದಿಲ್ಲ, ಸ್ಲೋ ಮೋಷನ್ ಇಲ್ಲ.

ಒಮ್ಮೆ ಕಥೆ ತೆಗೆದುಕೊಳ್ಳುವ ತಂಡದವರು ಹೇಳಿದರು, "ಸೂಪರ್ ಹೀರೋ ತರಹ ಒಬ್ಬ ಪವರ್‌ಫುಲ್ ಲೇಡಿ ಬೇಕು. ಮಾಸ್ ಎಂಟ್ರಿ ಕೊಡಿ. ಎಪಿಸೋಡ್ ಕೊನೆಗೆ ಒಂದು ಪಂಚ್ ಡೈಲಾಗ್ ಇರಲಿ." ಹಾಗೆ ಕೇಳಿದ್ದರಲ್ಲಿ ತಪ್ಪೇನಿಲ್ಲ. ಆದರೆ ಕಣ್ಣಿಗೆ ಕಾಣುವುದನ್ನೆಲ್ಲ ತೆಗೆದ ಮೇಲೆ ಒಬ್ಬ ನಾಯಕಿಯಲ್ಲಿ ಯಾವ ಶಕ್ತಿ ಉಳಿಯುತ್ತದೆ? ಇದನ್ನು ತಿಳಿದುಕೊಳ್ಳದೆ ಬರೆಯಲು ನನಗೆ ಮನಸ್ಸಾಗಲಿಲ್ಲ. ಇಷ್ಟಪಟ್ಟು ನೋಡಿದ್ದ ಸಿನಿಮಾ, ಸೀರೀಸ್‌ಗಳನ್ನೇ ಮತ್ತೆ ಹಾಕಿಕೊಂಡು ಕೂತೆ. ಈ ಸಲ ಪಕ್ಕದಲ್ಲಿ ನೋಟ್‌ಬುಕ್ ಇತ್ತು. ಪ್ರತಿ ಸೀನ್‌ಗೂ ಎರಡೇ ಪ್ರಶ್ನೆ. ಇಲ್ಲಿ ಅವಳು ಏನು ನಿರ್ಧಾರ ಮಾಡಿದಳು? ಅದರ ಬೆಲೆ ಯಾರು ತೆತ್ತರು? ಉತ್ತರ ಸಿಗದಿದ್ದರೆ ಒಂದು ಗೆರೆ ಎಳೆದು ಮುಂದಕ್ಕೆ. ಕೆಲವು ಸೀನ್‌ಗಳನ್ನು ಪರದೆ ಮುಚ್ಚಿ ಬರೀ ಕೇಳಿದೆ.

ಮೊದಲು ಹಾಕಿದ್ದು 2017ರ 'ವಂಡರ್ ವುಮನ್'. ಮೊದಲ ಮಹಾಯುದ್ಧದ ಕಂದಕದಿಂದ ನಾಯಕಿ ಡಯಾನಾ ಏಣಿ ಹತ್ತಿ, ಎರಡು ಸೇನೆಗಳ ನಡುವಿನ ಬಯಲಿಗೆ ಹೆಜ್ಜೆ ಇಡುವ ಸೀನ್ ನೋಡಿದವರಿಗೆಲ್ಲ ನೆನಪಿರುತ್ತದೆ. ಗುಂಡು ತಡೆಯುವ ಗುರಾಣಿ ಜಾಸ್ತಿ ನೆನಪಿರುತ್ತದೆ. ಆದರೆ ಅದಕ್ಕೂ ಮುಂಚೆ ಒಬ್ಬ ತಾಯಿ ಮಗುವನ್ನು ಎತ್ತಿಕೊಂಡು ತನ್ನೂರಿನ ಗತಿ ಹೇಳುತ್ತಾಳೆ. ಎಲ್ಲರನ್ನೂ ಉಳಿಸಲು ಆಗುವುದಿಲ್ಲ, ನಾವು ಬಂದ ಕೆಲಸ ಬೇರೆ ಎಂದು ಜೊತೆಗಿದ್ದ ಗೂಢಚಾರ ಸ್ಟೀವ್ ತಡೆಯುತ್ತಾನೆ. ಅವನ ಮಾತಿನಲ್ಲೂ ನ್ಯಾಯ ಇದೆ. ಅವಳು ಕೇಳುವುದಿಲ್ಲ, ಹತ್ತುತ್ತಾಳೆ. ಊರು ಉಳಿಯುತ್ತದೆ, ರಾತ್ರಿ ಜನ ಕುಣಿಯುತ್ತಾರೆ. ಆಮೇಲೆ ಅದೇ ಊರಿನ ಮೇಲೆ ವಿಷಾನಿಲ ಬೀಳುತ್ತದೆ, ಅವಳು ಉಳಿಸಿದವರೆಲ್ಲ ಸಾಯುತ್ತಾರೆ. ಆ ಹೊಗೆಯೊಳಗೆ ಅವಳು ನಡೆದು ಹೋಗುವಾಗ ಗುರಾಣಿ, ಕತ್ತಿ ಯಾವುದೂ ಉಪಯೋಗಕ್ಕೆ ಬರುವುದಿಲ್ಲ. ಈ ಭಾಗಕ್ಕೆ ನನ್ನ ನೋಟ್‌ಬುಕ್‌ನಲ್ಲಿ ಪುಟ ಸಾಲಲಿಲ್ಲ. ಕೊನೆಯಲ್ಲಿ ಯುದ್ಧದೇವತೆ ಏರೀಸ್ ಜೊತೆಗಿನ ಕಾಳಗ ಅಷ್ಟುದ್ದ ಇದ್ದರೂ ಅರ್ಧ ಪುಟ ತುಂಬಲಿಲ್ಲ.

2019ರ 'ಅವೆಂಜರ್ಸ್: ಎಂಡ್‌ಗೇಮ್' ಒಂದರಲ್ಲೇ ಎರಡೂ ಬಗೆಯ ಬರವಣಿಗೆ ಇದೆ. ಯುದ್ಧದ ನಡುವೆ ಹೆಣ್ಣು ಹೀರೋಗಳೆಲ್ಲ ಒಂದೇ ಕಡೆ ಸಾಲಾಗಿ ಬಂದು ನಿಲ್ಲುವ ಶಾಟ್. ನೋಡಲು ಚೆನ್ನಾಗಿದೆ, ಥಿಯೇಟರ್‌ನಲ್ಲಿ ಮೈ ಜುಮ್ಮೆಂದಿತ್ತು. ಪರದೆ ಮುಚ್ಚಿ ಕೇಳಿದರೆ ಬರೀ ಸಂಗೀತ, ಒಂದೆರಡು ಮಾತು. ಅಲ್ಲಿ ಯಾರೂ ಏನನ್ನೂ ಆರಿಸಿಕೊಳ್ಳುತ್ತಿಲ್ಲ. ಅದೇ ಸಿನಿಮಾದಲ್ಲಿ ವೋರ್ಮಿರ್ ಎಂಬ ಗ್ರಹದ ಬೆಟ್ಟದ ಮೇಲೆ, ಒಬ್ಬರು ಪ್ರಾಣ ಕೊಟ್ಟರೆ ಮಾತ್ರ ಬೇಕಾದ ಮಣಿ ಸಿಗುತ್ತದೆ ಎಂದಾಗ, ಗೆಳೆಯರಾದ ನಟಾಶಾ (ಬ್ಲ್ಯಾಕ್ ವಿಡೋ), ಕ್ಲಿಂಟ್ ಇಬ್ಬರೂ ನಾನು ಸಾಯುತ್ತೇನೆ, ನೀನು ಉಳಿ ಎಂದು ಒಬ್ಬರನ್ನೊಬ್ಬರು ಕೆಡವುತ್ತಾರೆ. ಅದು ಕಣ್ಣು ಮುಚ್ಚಿದರೂ ಎದೆಗೆ ತಾಗುತ್ತದೆ. ನಟಾಶಾ 2010ರ 'ಐರನ್ ಮ್ಯಾನ್ 2'ರಿಂದ ಜೊತೆಗಿದ್ದವಳು. ಅವಳದೇ ಸಿನಿಮಾ ಬಂದದ್ದು 2021ರಲ್ಲಿ, ಅವಳು ಸತ್ತ ಮೇಲೆ. ಅಷ್ಟು ಒಳ್ಳೆಯ ಪಾತ್ರವನ್ನು ಅಷ್ಟು ವರ್ಷ ಪಕ್ಕದಲ್ಲಿ ನಿಲ್ಲಿಸಿದ್ದು ನನಗೆ ಇವತ್ತಿಗೂ ಬೇಸರವೇ.

ಆದರೆ ನಾನು ನಿಜವಾಗಿ ಕಸುಬು ಕಲಿತದ್ದು 'ಆರ್ಕೇನ್' ನೋಡಿ. ಲೀಗ್ ಆಫ್ ಲೆಜೆಂಡ್ಸ್ ಎಂಬ ವಿಡಿಯೋ ಗೇಮ್‌ನಿಂದ ಬಂದ ಆನಿಮೇಷನ್ ಸೀರೀಸ್ ಅದು, 2021ರಲ್ಲಿ ಶುರುವಾಯಿತು. ಮೂರನೇ ಎಪಿಸೋಡ್‌ನ ಒಂದು ಭಾಗವನ್ನು ಎಷ್ಟು ಸಲ ಹಿಂದೆ ಮುಂದೆ ಮಾಡಿ ಕೇಳಿದೆನೋ. ಪೌಡರ್ ಚಿಕ್ಕ ಹುಡುಗಿ. ಸಾಕುತಂದೆಯನ್ನು ಬಿಡಿಸಿಕೊಂಡು ಬರಲು ಅಕ್ಕ ವೈ ಹೊರಡುತ್ತಾಳೆ, ನೀನು ಮನೆಯಲ್ಲಿರು ಅನ್ನುತ್ತಾಳೆ. ಪೌಡರ್ ಮಾಡಿದ ಬಾಂಬ್‌ಗಳು ಅದುವರೆಗೆ ಸರಿಯಾಗಿ ಸಿಡಿದಿಲ್ಲ, ಹಂಗಿಸಿಕೊಂಡಿದ್ದಾಳೆ. ಅವಳು ಕದ್ದ ನೀಲಿ ಹರಳುಗಳನ್ನು ಕೀ ಕೊಡುವ ಆಟಿಕೆ ಕೋತಿಯೊಳಗೆ ತುಂಬಿ ಹಿಂದೆಯೇ ಹೋಗುತ್ತಾಳೆ. ಈ ಸಲ ಸಿಡಿಯುತ್ತದೆ. ಸಾಯುವವರು ಅವಳ ಜೊತೆಗೇ ಬೆಳೆದ ಹುಡುಗರು. ಸಾಕುತಂದೆಯೂ ಉಳಿಯುವುದಿಲ್ಲ. ಅವಳಿಗೆ ಇದೊಂದೂ ಗೊತ್ತಿಲ್ಲ. "ನನ್ನ ಬಾಂಬ್ ಕೆಲಸ ಮಾಡಿತು" ಎಂದು ಖುಷಿಯಿಂದ ಅಕ್ಕನ ಹತ್ತಿರ ಓಡಿ ಬರುತ್ತಾಳೆ.

ಆ ಖುಷಿಯ ದನಿ ಇದೆಯಲ್ಲ, ಅದೇ ಸೀನಿನ ಪ್ರಾಣ. ಬರೆದವರು ಅವಳನ್ನು ಅಳುತ್ತಾ ಓಡಿಸಿದ್ದರೆ ಸೀನ್ ಅಲ್ಲೇ ಮುಗಿಯುತ್ತಿತ್ತು. ನಗುತ್ತಾ ಬಂದದ್ದರಿಂದ ಅಕ್ಕನ ಏಟು, ಬೈಗುಳ ಎಲ್ಲ ನಮಗೇ ಬಿದ್ದಂತಾಗುತ್ತದೆ. ಅವಳು ಹೋದದ್ದು ಉಳಿಸಲು. ಶಕ್ತಿಯೂ ಕೈಕೊಡಲಿಲ್ಲ, ಮೊದಲ ಸಲ ಸರಿಯಾಗಿ ಕೆಲಸ ಮಾಡಿತು. ಅನಾಹುತ ಆದದ್ದು ಅದರಿಂದಲೇ. ಮುಂದೆ ಅವಳು ಜಿಂಕ್ಸ್ ಎಂಬ ಹೆಸರಿನಲ್ಲಿ ಮಾಡುವ ಎಲ್ಲದಕ್ಕೂ ಬೇರು ಇಲ್ಲಿದೆ.

'ಗೇಮ್ ಆಫ್ ಥ್ರೋನ್ಸ್' ಬಗ್ಗೆ ಎಲ್ಲರೂ ಮಾತಾಡಿ ಆಗಿದೆ. ನನಗೆ ಕಂಡದ್ದನ್ನಷ್ಟೇ ಹೇಳುತ್ತೇನೆ. ಡ್ರ್ಯಾಗನ್‌ಗಳ ಒಡತಿ ಡೆನೇರಿಸ್ ಊರಿಗೆ ಊರನ್ನೇ ಸುಟ್ಟಳು ಎಂಬುದಕ್ಕೆ ನನ್ನ ತಕರಾರಿಲ್ಲ. ಅವಳ ಸಿಟ್ಟು, ತನ್ನದೇ ನ್ಯಾಯ ಎಂಬ ಹಟ ಮೊದಲಿನಿಂದಲೂ ಇತ್ತು. ಆರು ಸೀಸನ್‌ವರೆಗೆ ಸೀಸನ್‌ಗೆ 10 ಎಪಿಸೋಡ್ ಇದ್ದದ್ದು ಏಳನೆಯದರಲ್ಲಿ 7, ಎಂಟನೆಯದರಲ್ಲಿ 6 ಆಯಿತು. ಮನಸ್ಸು ಮುರಿಯುವ ಮೆಟ್ಟಿಲುಗಳೆಲ್ಲ ಆ ಅವಸರದಲ್ಲಿ ಬಿದ್ದುಹೋದವು. ಶರಣಾಗತಿಯ ಗಂಟೆ ಬಾರಿಸಿದ ಮೇಲೂ ಬೆಂಕಿ ಹಚ್ಚುವ ಅವಳ ಮುಖ ಕಾಣುತ್ತದೆ, ಮನಸ್ಸು ಕಾಣುವುದಿಲ್ಲ. ಅದೇ ಕೊನೆಯ ಸೀಸನ್‌ನಲ್ಲಿ ಕತ್ತಿ ಹಿಡಿದು ಹೋರಾಡುವ ಬ್ರಿಯೆನ್ ಎಂಬ ಹೆಂಗಸಿಗೆ ನೈಟ್, ಅಂದರೆ ವೀರಯೋಧನ ಪದವಿ ಸಿಗುವ ಸೀನ್ ನೋಡಿ. ಯುದ್ಧದ ಹಿಂದಿನ ರಾತ್ರಿ, ಒಲೆ ಮುಂದೆ ನಾಲ್ಕಾರು ಜನ, ಕುಡಿತ, ಹರಟೆ. ನನಗೆ ನೈಟ್ ಆಗುವ ಆಸೆಯೇ ಇಲ್ಲ ಅನ್ನುತ್ತಾಳೆ, ಆಮೇಲೆ ಮಂಡಿಯೂರುತ್ತಾಳೆ. ಬೇಡ ಅಂದವಳ ಕಣ್ಣಲ್ಲಿ ನೀರು. ಎರಡನೇ ಸೀಸನ್‌ನಿಂದ ಕಟ್ಟಿಕೊಂಡು ಬಂದ ಪಾತ್ರ, ಅದಕ್ಕೇ ಒಂದೇ ಕೋಣೆ ಸಾಕಾಯಿತು.

ಇಂಥ ಸಿನಿಮಾ ಬಂದಾಗಲೆಲ್ಲ ನಮ್ಮ ಸ್ನೇಹಿತರ ನಡುವೆ ಜಗಳ ಶುರುವಾಗುತ್ತದೆ. ಹೆಣ್ಣನ್ನು ಹೀರೋ ಮಾಡಿದ್ದಕ್ಕೆ ಕೆಟ್ಟಿತು ಎಂದು ಕೆಲವರು. ಹೆಣ್ಣು ಅನ್ನೋ ಕಾರಣಕ್ಕೇ ಬೈಯುತ್ತಿದ್ದೀರಿ ಎಂದು ಇನ್ನು ಕೆಲವರು. ಎರಡನೆಯವರ ಮಾತಿನಲ್ಲಿ ಬಹಳ ಸಲ ಸತ್ಯ ಇರುತ್ತದೆ. ಆದರೆ ಇಬ್ಬರೂ ಸೀನ್‌ಗಳ ಹತ್ತಿರ ಹೋಗುವುದೇ ಇಲ್ಲ. 'ಕ್ಯಾಪ್ಟನ್ ಮಾರ್ವೆಲ್' 2019ರಲ್ಲಿ 100 ಕೋಟಿ ಡಾಲರ್ ದಾಟಿತು. ಅದೇ ನಾಯಕಿ ಇದ್ದ 2023ರ 'ದಿ ಮಾರ್ವೆಲ್ಸ್'ಗೆ ಅದರ ಕಾಲು ಭಾಗವೂ ಬರಲಿಲ್ಲ. ಬರವಣಿಗೆ ಹೇಗಿದೆ ಎಂದು ಈ ಅಂಕಿಗಳು ಹೇಳುವುದಿಲ್ಲ. ಬರೆಯುವವಳಾಗಿ ನನಗೆ ಕಂಡ ತೊಡಕು ಬೇರೆ. 'ಕ್ಯಾಪ್ಟನ್ ಮಾರ್ವೆಲ್'ನಲ್ಲಿ ಅವಳ ಶಕ್ತಿಗೆ ಹಾಕಿದ್ದ ತಡೆ ಕಳಚಿದ ಮೇಲೆ ಎದುರು ನಿಲ್ಲುವವರೇ ಇಲ್ಲ, ಬೆಲೆಯ ಪ್ರಶ್ನೆಯೂ ಹೋಯಿತು. ಕೊನೆಯಲ್ಲಿ, ಅವಳಿಗೆ ತರಬೇತಿ ಕೊಟ್ಟಿದ್ದ ಯಾನ್ ರಾಗ್ ಎಂಬುವನು, ಶಕ್ತಿ ಬಿಟ್ಟು ಬರಿಗೈಯಲ್ಲಿ ಹೊಡೆದಾಡು ಎಂದು ಕರೆಯುತ್ತಾನೆ. ಅವಳು ಒಂದೇ ಏಟಿಗೆ ಅವನನ್ನು ಕೆಡವಿ, ನಿನಗೆ ನಾನೇನೂ ಸಾಬೀತು ಮಾಡಬೇಕಿಲ್ಲ ಅನ್ನುತ್ತಾಳೆ. ಇದು ಒಂದು ನಿರ್ಧಾರ. ಇನ್ನೊಬ್ಬರ ಆಟದ ನಿಯಮವನ್ನು ಒಪ್ಪದಿರುವುದು. ಇಂಥದ್ದು ಇನ್ನೂ ನಾಲ್ಕು ಇರಬೇಕಿತ್ತು.

ಇಷ್ಟನ್ನು ಇಟ್ಟುಕೊಂಡು ನನ್ನ ಕೆಂಚಮ್ಮನನ್ನು ಬರೆಯಲು ಕೂತೆ. ಬೆಟ್ಟದ ಕೆಳಗೆ ಒಂದು ಕೆರೆ. ಅಪ್ಪ ಅದರ ನೀರುಗಂಟಿ, ಗದ್ದೆಗಳಿಗೆ ನೀರು ಹಂಚುವವನು. ಅವನು ತೀರಿಕೊಂಡ ಮೇಲೆ, ಕೆರೆಯಿಂದ ನೀರು ಬಿಡುವ ತೂಬಿನ ಕೆಲಸ ಇವಳ ಕೈಗೆ ಬರುತ್ತದೆ. ಹೆಂಗಸು ತೂಬು ಎತ್ತಬಾರದು ಅನ್ನುವವರು ಊರ ತುಂಬ ಇದ್ದಾರೆ. ಅವಳಿಗೊಂದು ಶಕ್ತಿ, ಕರೆದ ಕಡೆ ನೀರು ಬರುತ್ತದೆ. ಒಂದು ನಿಯಮವನ್ನೂ ಮೊದಲೇ ಬರೆದೆ. ಪ್ರತಿ ಸಲ ಕರೆದಾಗಲೂ ಕೆರೆ ಒಂದು ಗೇಣು ಇಳಿಯುತ್ತದೆ, ಮಳೆ ಬಂದರೂ ಅದು ತುಂಬುವುದಿಲ್ಲ. ಡೈಲಾಗ್ ಬರೆಯುವ ಮುಂಚೆ ಒಂದು ಹಾಳೆಯಲ್ಲಿ ನೀರಿನ ಲೆಕ್ಕ ಹಾಕಿ ಗೋಡೆಗೆ ಅಂಟಿಸಿದೆ. ಯಾವ ಎಪಿಸೋಡ್, ಕೆರೆ ಎಷ್ಟಿದೆ, ಯಾರಿಗೆ ಸಿಕ್ಕಿತು, ಯಾರಿಗೆ ತಪ್ಪಿತು. ಆ ಹಾಳೆ ಇಲ್ಲದಿದ್ದರೆ ಎಪಿಸೋಡ್ ಮುಗಿಸುವ ಅವಸರದಲ್ಲಿ ಶಕ್ತಿ ಸುಮ್ನೆ ಬೆಳೆಯುತ್ತಾ ಹೋಗುತ್ತದೆ.

ಮೊದಲ ದೊಡ್ಡ ಸೀನ್‌ನಲ್ಲಿ ಮೇಲಿನ ಹಟ್ಟಿಗೆ ಬೆಂಕಿ ಬೀಳುತ್ತದೆ. ಅಲ್ಲಿ ಅವಳ ತಮ್ಮನ ಮನೆ ಇದೆ. ನೀರು ಕರೆಯುತ್ತಾಳೆ, ಹಟ್ಟಿ ಉಳಿಯುತ್ತದೆ, ಜನ ಜೈ ಅನ್ನುತ್ತಾರೆ. ಮಾಸ್ ಸೀನ್ ಕೇಳಿದ್ದರಲ್ಲ, ಕೊಟ್ಟೆ. ಮಾರನೇ ಎಪಿಸೋಡ್ ಹೀಗೆ ಶುರು:

"ಕೆಂಚವ್ವ, ಮೇಲಿನ ಹಟ್ಟಿ ಉಳಿಸ್ದೆಯಂತೆ. ಒಳ್ಳೇದಾಯ್ತು ಕಣವ್ವ."

"ಬಾ ಅಜ್ಜಿ, ಕೂತ್ಕೊ."

"ಕೂರಾಕೆ ಬರ್ನಿಲ್ಲ. ಭತ್ತ ಹೊಡೆ ಕಟ್ಟೋ ಹೊತ್ತು. ನಮ್ಮ ಗದ್ದೆಗೆ ನೀರು ಯಾವಾಗ ಬುಡ್ತೀಯ, ಅದ ಕೇಳಾಕೆ ಬಂದೆ."

ಇಲ್ಲಿ ಒಂದು ಖಡಕ್ ಉತ್ತರ ಬೇಕು ಎಂದರು ತಂಡದವರು. ಉತ್ತರ ಇಲ್ಲದಿರುವುದೇ ಸೀನ್ ಎಂದು ನಾನು ಪಟ್ಟು ಹಿಡಿದೆ. ಆದರೆ ಆಡಿಯೋದಲ್ಲಿ ಪೂರ್ತಿ ಮೌನ ಇಡುವ ಹಾಗಿಲ್ಲ, ಕೇಳುಗರು ನೆಟ್‌ವರ್ಕ್ ಹೋಯಿತು ಅಂದುಕೊಳ್ಳುತ್ತಾರೆ. ಸೌಂಡ್ ನೋಡಿಕೊಳ್ಳುವವರು ತೂಬಿನಿಂದ ತೊಟ್ಟಿಕ್ಕುವ ನೀರಿನ ಸದ್ದು ಇಟ್ಟರು. ತೊಟ್ಟು, ತೊಟ್ಟು, ಆಮೇಲೆ ಅಜ್ಜಿ ಎದ್ದು ಹೋಗುವ ಹೆಜ್ಜೆ. ಕೆಂಚಮ್ಮನಿಗೆ ದನಿ ಕೊಡುವವರು ಮೊದಲ ರೆಕಾರ್ಡಿಂಗ್‌ನಲ್ಲಿ ನನ್ನನ್ನು ನಿಲ್ಲಿಸಿ ಕೇಳಿದರು, "ಮೇಡಂ, ಇಲ್ಲಿ ಇವಳಿಗೆ ನಾಚಿಕೆನಾ, ಭಯನಾ?" ನಾಚಿಕೆ ಅಂದೆ. ಅವರು "ಬಾ ಅಜ್ಜಿ" ಅನ್ನುವುದನ್ನು ಒಂದು ಮಟ್ಟ ಕೆಳಗಿಳಿಸಿ ಹೇಳಿದರು. ಅಜ್ಜಿ ಏಕೆ ಬಂದಿದ್ದಾಳೆಂದು ಕೆಂಚಮ್ಮನಿಗೆ ಮೊದಲೇ ಗೊತ್ತಿತ್ತು ಎಂಬುದು ಆ ಎರಡು ಪದಗಳಲ್ಲೇ ಬಂದುಬಿಟ್ಟಿತು. ಈಗ ಪ್ರತಿ ಸೀನ್ ಮುಗಿಸಿದಾಗಲೂ ಅವರ ಆ ಪ್ರಶ್ನೆಯನ್ನು ನಾನೇ ಕೇಳಿಕೊಳ್ಳುತ್ತೇನೆ.

ಕೆಂಚಮ್ಮನ ಹಟಕ್ಕೆ ಮೂಲ ಹಾಲಿವುಡ್ ಅಲ್ಲ. ಕಂಸಾಳೆಯವರು ಹಾಡುವ ಮಲೆ ಮಾದೇಶ್ವರನ ಕಾವ್ಯದ ಸಂಕಮ್ಮ. ಕಾಡಿಗೆ ಹೊರಟ ಗಂಡ ನೀಲೇಗೌಡ, ನಾನಿಲ್ಲದಾಗ ಸರಿಯಾಗಿರುತ್ತೇನೆಂದು ಭಾಷೆ ಕೊಡು ಅನ್ನುತ್ತಾನೆ. ಅವಳು ಕೊಡುವುದಿಲ್ಲ. ಅವನು ಹಿಂಸೆ ಕೊಡುತ್ತಾನೆ. ಆದರೂ ಕೊಡುವುದಿಲ್ಲ. ಕೊನೆಗೆ ಕಾಪಾಡಲು ಮಾದಪ್ಪ ಬರುತ್ತಾನೆ, ನಿಜ. ಆದರೆ ಮಾದಪ್ಪ ಬರುವ ಮುಂಚೆಯೇ ಅವಳು ತನ್ನ ತೀರ್ಮಾನ ಮಾಡಿ ಆಗಿದೆ. ಕೈಯಲ್ಲಿ ಕತ್ತಿಯಿಲ್ಲ, ಮಂತ್ರವಿಲ್ಲ. ಕಂಸಾಳೆ ಬಡಿತದ ನಡುವೆ ಆ ಭಾಗ ಕೇಳುವಾಗ ಜನ ಉಸಿರು ಬಿಗಿಹಿಡಿದು ಕೂತಿರುತ್ತಾರೆ. ಅದೂ ಕಿವಿಯಿಂದಲೇ ಕೇಳುವ ಕಥೆ ಅಲ್ವಾ? ನನ್ನ ಕಥೆಯಲ್ಲಿ ಕೆಂಚಮ್ಮನಿಗೆ ಊರ ಪಂಚಾಯಿತಿ ಹೇಳುತ್ತದೆ, ನಮ್ಮನ್ನು ಕೇಳದೆ ನೀರು ಕರೆಯುವುದಿಲ್ಲ ಎಂದು ಆಣೆ ಮಾಡು. ಅವಳು ಮಾಡುವುದಿಲ್ಲ. ಆ ಎಪಿಸೋಡ್ ಬರೆಯುವಾಗ ಸಂಕಮ್ಮ ನನ್ನ ಪಕ್ಕದಲ್ಲೇ ಇದ್ದಳು.

ನಮ್ಮ ಕಡೆಯ ಜಾನಪದದಿಂದ ಸೂಪರ್ ಹೀರೋ ಕಥೆ ಮಾಡಬಹುದು ಎನ್ನುವುದಕ್ಕೆ ಈಗ ಪಕ್ಕದಲ್ಲೇ ಉದಾಹರಣೆ ಇದೆ. 2025ರ ಮಲಯಾಳಂ ಸಿನಿಮಾ 'ಲೋಕಾ' ಕೇರಳದ ಯಕ್ಷಿ ಕಥೆಯನ್ನು ತಂದು ಬೆಂಗಳೂರಿನಲ್ಲಿ ಇಟ್ಟಿತು. ಕಲ್ಯಾಣಿ ಪ್ರಿಯದರ್ಶನ್ ಮಾಡಿದ ಚಂದ್ರಾ ತನ್ನ ಶಕ್ತಿಯನ್ನು ಬಚ್ಚಿಟ್ಟುಕೊಂಡು ಬದುಕಬೇಕು. ಯಾರಿಗಾದರೂ ಸಹಾಯ ಮಾಡಲು ಕೈ ಎತ್ತಿದರೆ ಬಚ್ಚಿಟ್ಟದ್ದು ಹೊರಬೀಳುತ್ತದೆ. ಬೆಲೆ ಎಂದರೆ ಅದೇ. ಬೆಂಗಳೂರಿನ ಹೆಣ್ಣುಮಕ್ಕಳ ಬಗ್ಗೆ ಅದರಲ್ಲಿದ್ದ ಒಂದು ಮಾತಿಗೆ ನಮ್ಮಲ್ಲಿ ವಿರೋಧ ಬಂತು, ನಿರ್ಮಾಪಕರು ಕ್ಷಮೆ ಕೇಳಿದರು. ಹೆಣ್ಣನ್ನು ನಾಯಕಿ ಮಾಡಿದ ಕಥೆ ಬೇರೆ ಹೆಣ್ಣುಮಕ್ಕಳ ಬಗ್ಗೆ ಆಡುವ ಪ್ರತಿ ಮಾತಿನಲ್ಲೂ ಎಚ್ಚರ ಇಟ್ಟುಕೊಳ್ಳಬೇಕು, ಆ ಮಾತು ವಿಲನ್ ಬಾಯಲ್ಲಿ ಬಂದರೂ. ನಾನು ಸ್ಕ್ರಿಪ್ಟ್ ಕಳಿಸುವ ಮುಂಚೆ ಇದಕ್ಕೆಂದೇ ಒಂದು ಸಲ ಓದುತ್ತೇನೆ.

ಈಗ ಎರಡನೇ ಭಾಗದ ವಿಲನ್ ಬರೆಯುತ್ತಿದ್ದೇನೆ. ಅವಳೂ ಹೆಣ್ಣು. ಜಪಾನಿನ ಆನಿಮೇಷನ್ ನಿರ್ದೇಶಕ ಮಿಯಾಝಾಕಿ ಅವರ 1997ರ 'ಪ್ರಿನ್ಸೆಸ್ ಮೊನೊನೊಕೆ'ಯ ಎಬೋಶಿ ಕಣ್ಣಮುಂದಿದ್ದಾಳೆ. ಕಾಡು ಕಡಿಯುವವಳು ಅವಳೇ, ಬೇರೆ ಯಾರೂ ಸೇರಿಸದ ಕುಷ್ಠರೋಗಿಗಳಿಗೆ ಕೆಲಸ ಕೊಟ್ಟು ಸಾಕುವವಳೂ ಅವಳೇ. ನನ್ನ ವಿಲನ್ ಕೆರೆ ಏರಿಯನ್ನೇ ಒಡೆಯಬೇಕೆಂದು ಬಂದವಳು, ಗದ್ದೆ ಒಣಗಿದ ಆ ಅಜ್ಜಿಯ ಮೊಮ್ಮಗಳು. ಏರಿ ಒಡೆದರೆ ಎಲ್ಲರ ಗದ್ದೆಗೂ ಒಂದೇ ಸಲ ನೀರು, ಆಮೇಲೆ ಯಾರಿಗೂ ಇಲ್ಲ, ಯಾರ ಮುಂದೆಯೂ ಕೈಚಾಚುವ ಹಾಗಿಲ್ಲ ಎಂಬುದು ಅವಳ ವಾದ. ಮೊದಲ ಭೇಟಿಯಲ್ಲಿ ಹೊಡೆದಾಟ ಇಟ್ಟಿಲ್ಲ. ಅವಳು ಬಂದು ಕೆಂಚಮ್ಮನ ಹತ್ತಿರ ನೀರಿನ ಲೆಕ್ಕ ಕೇಳುತ್ತಾಳೆ, ಒಂದೊಂದು ಗೇಣಿನದೂ. ಗೋಡೆಯ ಮೇಲಿನ ಹಾಳೆ ನೋಡಿಕೊಂಡೇ ಆ ಮಾತುಗಳನ್ನು ಬರೆಯುತ್ತಿದ್ದೇನೆ. ಕೇಳುಗರಲ್ಲಿ ಅರ್ಧ ಜನ ಅವಳ ಪಕ್ಷಕ್ಕೆ ಹೋಗಬೇಕು, ಅಲ್ಲಿಯವರೆಗೆ ಈ ಡ್ರಾಫ್ಟ್ ಕಳಿಸುವುದಿಲ್ಲ.