ಚಳಿಗಾಲದ ರಸ್ತೆಯಲ್ಲಿ ಎಬಿಎಸ್ ನಂಬಬಹುದಾ? ಬ್ರೇಕ್ ತುಳಿಯುವ ಮೊದಲು ತಿಳಿದಿರಬೇಕಾದ್ದು

ಒಂದು ಜನವರಿಯ ಬೆಳಿಗ್ಗೆ ಸೋಮವಾರಪೇಟೆಯಿಂದ ಮಡಿಕೇರಿಗೆ ಹೊರಟಿದ್ದೆ. ಏಳು ಗಂಟೆ ಇರಬೇಕು. ಮಾದಾಪುರ ದಾಟಿದ ಮೇಲೆ ರಸ್ತೆಯೆಲ್ಲ ಮಳೆ ಬಿದ್ದ ಹಾಗೆ ಇಬ್ಬನಿ. ಮರದ ನೆರಳಿದ್ದ ಕಡೆ ಸಿಲ್ವರ್ ಓಕ್ ಎಲೆಗಳು ಒದ್ದೆಯಾಗಿ ಡಾಂಬರಿಗೆ ಅಂಟಿಕೊಂಡಿದ್ದವು. ಒಂದು ತಿರುವು ಮುಗಿಯುತ್ತಿದ್ದಂತೆ ಎದುರಿಗೇ ಪಿಕಪ್ ನಿಂತಿತ್ತು. ಕಾಫಿ ಕೊಯ್ಲಿಗೆ ಬಂದವರು ಇಳಿಯುತ್ತಿದ್ದರು. ಬ್ರೇಕ್ ತುಳಿದೆ. ಪೆಡಲ್ ಟರ್‍ರ್ ಅಂತ ನಡುಗಿತು. ಕೆಳಗಿನಿಂದ ಯಾರೋ ಪಾದವನ್ನು ವಾಪಸ್ ತಳ್ಳಿದ ಹಾಗಾಯಿತು. ಬ್ರೇಕ್ ಕೆಟ್ಟಿತು ಅಂದುಕೊಂಡು ಕಾಲು ತೆಗೆದುಬಿಟ್ಟೆ. ಅಷ್ಟೇ ಸಾಕಾಯಿತು. ಕಾರು ಜಾರಿ ಪಿಕಪ್‌ನ ಹಿಂಬದಿಗೆ ತಾಗಿತು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಆಗಷ್ಟೇ ಕೆಳಗಿಳಿದು ಪಕ್ಕಕ್ಕೆ ಸರಿದಿದ್ದ ಹೆಂಗಸೊಬ್ಬರ ಮುಖ ನನಗೆ ಇವತ್ತಿಗೂ ಮರೆತಿಲ್ಲ.

ಬ್ರೇಕ್ ಕೆಟ್ಟಿರಲಿಲ್ಲ. ಎಬಿಎಸ್ (ಆ್ಯಂಟಿ-ಲಾಕ್ ಬ್ರೇಕಿಂಗ್ ಸಿಸ್ಟಮ್, ಅಂದರೆ ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ತನ್ನ ಕೆಲಸ ಶುರು ಮಾಡಿತ್ತು, ನಾನೇ ಅದನ್ನು ನಡುವೆ ನಿಲ್ಲಿಸಿದ್ದೆ. ಆರು ವರ್ಷ ಆ ಕಾರು ಓಡಿಸಿದ್ದರೂ ಆ ನಡುಕ ಏನು ಅಂತ ನನಗೆ ಗೊತ್ತಿರಲಿಲ್ಲ. ಆಮೇಲೆ ಊರಿನಲ್ಲಿ ಕೇಳಿದರೆ ಬಹಳ ಜನರಿಗೆ ಗೊತ್ತಿಲ್ಲ. "ಎಬಿಎಸ್ ಇದೆಯಲ್ಲ, ಏನೂ ಆಗಲ್ಲ" ಅನ್ನುವವರು ಮಾತ್ರ ಜಾಸ್ತಿ. ಅದಕ್ಕೇ ಈ ಲೇಖನ.

ಮೊದಲು, ಎಬಿಎಸ್ ಏನು ಮಾಡುತ್ತದೆ

ಒದ್ದೆ ರಸ್ತೆಯಲ್ಲಿ ಬ್ರೇಕನ್ನು ಜೋರಾಗಿ ತುಳಿದರೆ ಚಕ್ರ ತಿರುಗುವುದನ್ನೇ ನಿಲ್ಲಿಸುತ್ತದೆ. ಕಾರು ಮಾತ್ರ ನಿಲ್ಲುವುದಿಲ್ಲ, ಜಾರುತ್ತಾ ಹೋಗುತ್ತದೆ. ಚಕ್ರ ಲಾಕ್ ಆಗಿ ಜಾರುವಾಗ ಸ್ಟೇರಿಂಗ್ ಎಷ್ಟು ತಿರುಗಿಸಿದರೂ ಪ್ರಯೋಜನವಿಲ್ಲ. ಮುಂದಿನ ಚಕ್ರ ಉರುಳುತ್ತಿದ್ದರೆ ಮಾತ್ರ ಗಾಡಿ ತಿರುಗುತ್ತದೆ.

ಎಬಿಎಸ್ ಇರುವ ಕಾರಿನಲ್ಲಿ ಪ್ರತಿ ಚಕ್ರದ ಹತ್ತಿರ ಒಂದು ಸೆನ್ಸರ್ ಇರುತ್ತದೆ. ಚಕ್ರ ಎಷ್ಟು ವೇಗವಾಗಿ ತಿರುಗುತ್ತಿದೆ ಅಂತ ಅದು ಲೆಕ್ಕ ಇಡುತ್ತದೆ. ಯಾವುದಾದರೂ ಚಕ್ರ ಲಾಕ್ ಆಗುವ ಹಂತಕ್ಕೆ ಬಂದರೆ, ಆ ಚಕ್ರದ ಬ್ರೇಕ್ ಒತ್ತಡವನ್ನು ಒಂದು ಕ್ಷಣ ಸಡಿಲಿಸಿ ಮತ್ತೆ ಹಿಡಿಯುತ್ತದೆ. ಒಂದು ಸೆಕೆಂಡಿನಲ್ಲಿ ಹೀಗೆ ಹತ್ತಕ್ಕಿಂತ ಜಾಸ್ತಿ ಸಲ ಆಗುತ್ತದೆ. ಕಾಲಿಗೆ ಸಿಗುವ ನಡುಕ, ಬಾನೆಟ್ ಕಡೆಯಿಂದ ಕೇಳುವ ಗರಗರ ಸದ್ದು ಇದರದ್ದೇ.

ಇದು ಹೊಸ ವಿದ್ಯೆಯೇನಲ್ಲ. 1978ರಲ್ಲಿ ಬಾಷ್ ಕಂಪನಿಯ ಎಲೆಕ್ಟ್ರಾನಿಕ್ ಎಬಿಎಸ್ ಮರ್ಸಿಡಿಸ್ ಎಸ್ ಕ್ಲಾಸ್ ಕಾರಿನಲ್ಲಿ ಬಂತು. ನಮ್ಮ ದೇಶದಲ್ಲಿ 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೂ, 125 ಸಿಸಿಗಿಂತ ದೊಡ್ಡ ಬೈಕುಗಳಿಗೂ ಕಡ್ಡಾಯವಾಯಿತು.

ಇಲ್ಲಿ ಒಂದು ವಿಷಯ ಸರಿಯಾಗಿ ಅರ್ಥವಾಗಬೇಕು. ಎಬಿಎಸ್ ಟೈರಿಗೆ ಹೊಸದಾಗಿ ಹಿಡಿತ ತಂದುಕೊಡುವುದಿಲ್ಲ. ರಸ್ತೆಯಲ್ಲಿ ಎಷ್ಟು ಹಿಡಿತ ಇದೆಯೋ ಅಷ್ಟನ್ನು ಬಳಸಿಕೊಂಡು, ಸ್ಟೇರಿಂಗ್ ನಿಮ್ಮ ಕೈಯಲ್ಲೇ ಇರುವ ಹಾಗೆ ನೋಡಿಕೊಳ್ಳುತ್ತದೆ. ರಸ್ತೆಯಲ್ಲೇ ಹಿಡಿತ ಇಲ್ಲದಿದ್ದರೆ ಅದೂ ಏನೂ ಮಾಡಲಾರದು.

ಎಲ್ಲಿ ನಂಬಬಹುದು, ಎಲ್ಲಿ ಬೇಡ

ಒದ್ದೆ ಡಾಂಬರಿನಲ್ಲಿ ನಂಬಬಹುದು. ಇಬ್ಬನಿಯಲ್ಲಿ, ಜಡಿಮಳೆಯಲ್ಲಿ ಲಾಕ್ ಆಗಿ ಜಾರುವ ಗಾಡಿಗಿಂತ ಎಬಿಎಸ್ ಇರುವ ಗಾಡಿ ಸಾಮಾನ್ಯವಾಗಿ ಬೇಗ ನಿಲ್ಲುತ್ತದೆ, ನೇರವಾಗಿಯೂ ನಿಲ್ಲುತ್ತದೆ. ಒಂದು ಬದಿಯ ಚಕ್ರ ಡಾಂಬರಿನ ಮೇಲೆ, ಇನ್ನೊಂದು ಬದಿಯದು ಕೆಸರಿನ ಅಂಚಿನ ಮೇಲೆ ಇದ್ದಾಗಲಂತೂ ತುಂಬಾ ಉಪಯೋಗ. ಎಬಿಎಸ್ ಇಲ್ಲದ ಗಾಡಿ ಅಂಥ ಕಡೆ ಗಿರ್ರನೆ ತಿರುಗಿಬಿಡಬಹುದು. ನಮ್ಮ ಒಳರಸ್ತೆಗಳಲ್ಲಿ ಎದುರಿನ ಬಸ್ಸಿಗೆ ದಾರಿ ಬಿಡುವಾಗ ದಿನಾ ಹೀಗೆಯೇ ಇಳಿಯುತ್ತೇವೆ, ಅಲ್ವಾ?

ಸಡಿಲ ಜಲ್ಲಿಯ ಮೇಲೆ ಲೆಕ್ಕ ಬೇರೆ. ಲಾಕ್ ಆದ ಚಕ್ರ ಜಲ್ಲಿಯನ್ನು ತನ್ನ ಮುಂದೆ ಗುಡ್ಡೆ ಮಾಡಿಕೊಳ್ಳುತ್ತದೆ. ಆ ಗುಡ್ಡೆಯೇ ಗಾಡಿಯನ್ನು ತಡೆಯುತ್ತದೆ. ಎಬಿಎಸ್ ಚಕ್ರವನ್ನು ಉರುಳಿಸುತ್ತಲೇ ಇರುವುದರಿಂದ ಗುಡ್ಡೆ ಆಗುವುದಿಲ್ಲ. ಹಾಗಾಗಿ ನಿಲ್ಲುವ ದೂರ ಜಾಸ್ತಿಯಾಗಬಹುದು. ಮಳೆಗಾಲದಲ್ಲಿ ಕಿತ್ತುಹೋದ ರಸ್ತೆಗೆ ಡಿಸೆಂಬರ್, ಜನವರಿಯಲ್ಲಿ ಜಲ್ಲಿ ಹಾಕಿ ಹಾಗೇ ಬಿಟ್ಟಿರುತ್ತಾರೆ. ಅಲ್ಲಿ ಎಬಿಎಸ್ ಮೇಲೆ ಭಾರ ಹಾಕದೆ ಮೊದಲೇ ನಿಧಾನ ಮಾಡಿ.

ಹೊಸದಾಗಿ ಬಿದ್ದ ಸಡಿಲ ಹಿಮದಲ್ಲೂ ಇದೇ ಕಥೆ. ನಾವು ಕನ್ನಡದಲ್ಲಿ ಹಿಮಕ್ಕೂ, ಬೆಳಗಿನ ಕಾವಳಕ್ಕೂ ಮಂಜು ಅಂತೀವಿ. ಆದರೆ ಮಡಿಕೇರಿಯ ಮಂಜೇ ಬೇರೆ, ಮನಾಲಿಯ ಮಂಜೇ ಬೇರೆ. 2020ರಲ್ಲಿ ಮನಾಲಿ ಹತ್ತಿರ ಅಟಲ್ ಸುರಂಗ ತೆರೆದ ಮೇಲೆ ಚಳಿಗಾಲದಲ್ಲೂ ಆಚೆಗಿನ ಲಾಹೌಲ್ ಕಣಿವೆಯ ಕಡೆಗೆ ಗಾಡಿ ಹೋಗುತ್ತದೆ. ನಮ್ಮ ಹುಡುಗರೂ ಹೋಗುತ್ತಿದ್ದಾರೆ. ಅವರಿಗೆ ಈ ಮಾತು: ಅಲ್ಲಿ ನೆರಳಿನ ತಿರುವಿನಲ್ಲಿ ನೀರು ಗಾಜಿನಂತೆ ಹೆಪ್ಪುಗಟ್ಟಿರುತ್ತದೆ. ನೋಡಿದರೆ ಬರೀ ಒದ್ದೆ ರಸ್ತೆ ಅನಿಸುತ್ತದೆ. ಒಣ ಡಾಂಬರಿನಲ್ಲಿ 60 ಕಿ.ಮೀ. ವೇಗದಿಂದ ನಿಲ್ಲಲು ಸುಮಾರು 20 ಮೀಟರ್ ಸಾಕು. ಒದ್ದೆಯಲ್ಲಿ ಸುಮಾರು 35 ಬೇಕು. ಮಂಜುಗಡ್ಡೆ ಮೇಲೆ 140 ಮೀಟರ್ ಕೂಡ ಆಗಬಹುದು. ಇದು ಬ್ರೇಕ್ ಹಿಡಿದ ಮೇಲಿನ ದೂರ ಮಾತ್ರ. ಅಲ್ಲಿ ಎಬಿಎಸ್ ಕೈಕೊಟ್ಟಿತು ಅನ್ನುವ ಹಾಗೂ ಇಲ್ಲ. ಹಿಡಿಯಲು ಏನಾದರೂ ಇದ್ದರೆ ತಾನೇ ಹಿಡಿಯುವುದು? ಸೇನೆಯಲ್ಲಿ ಲಾರಿ ಓಡಿಸುತ್ತಿದ್ದ ನಮ್ಮ ಚಿಕ್ಕಪ್ಪ ಲಡಾಖಿನ ಚಳಿಗಾಲದ ಬಗ್ಗೆ ಹೇಳುವಾಗ ಬ್ರೇಕಿನ ಮಾತು ಕೊನೆಗೆ ಬರುತ್ತದೆ. ಮೊದಲು ಚಕ್ರಕ್ಕೆ ಸುತ್ತುವ ಚೈನು, ಆಮೇಲೆ ಕಡಿಮೆ ಗೇರು, ಆಮೇಲೆ ಮುಂದಿನ ಗಾಡಿಯಿಂದ ದೂರ.

ಹೊರಡುವ ಮೊದಲು

ಕೀ ಆನ್ ಮಾಡಿದಾಗ ಡ್ಯಾಶ್‌ಬೋರ್ಡಿನಲ್ಲಿ ಎಬಿಎಸ್ ದೀಪ ಹತ್ತಬೇಕು, ಕೆಲವು ಸೆಕೆಂಡಿನಲ್ಲಿ ಆರಬೇಕು. ಹತ್ತದೇ ಇದ್ದರೂ ಸಮಸ್ಯೆ, ಆರದೇ ಇದ್ದರೂ ಸಮಸ್ಯೆ. ಆರದಿದ್ದರೆ ಸಾಮಾನ್ಯ ಬ್ರೇಕ್ ಕೆಲಸ ಮಾಡುತ್ತದೆ, ಎಬಿಎಸ್ ಮಾಡುವುದಿಲ್ಲ. ಅದರ ಜೊತೆ ಕೆಂಪು ಬ್ರೇಕ್ ದೀಪವೂ ಹತ್ತಿಕೊಂಡೇ ಇದ್ದರೆ ಗಾಡಿ ತೆಗೆಯಲೇಬೇಡಿ, ಮೆಕ್ಯಾನಿಕ್‌ಗೆ ಫೋನ್ ಮಾಡಿ. ತೋಟದ ರಸ್ತೆಯಲ್ಲಿ ಓಡುವ ಗಾಡಿಗಳಲ್ಲಿ ಸೆನ್ಸರಿಗೆ ಕೆಸರು ಮೆತ್ತಿಕೊಳ್ಳುವುದುಂಟು. ಶೆಡ್ಡಿನಲ್ಲಿ ನಿಲ್ಲಿಸಿದ ಗಾಡಿಯ ವೈರನ್ನು ಇಲಿ ಕಡಿಯುವುದುಂಟು. ದೀಪ ಹತ್ತಿದರೆ ಮೊದಲು ಇವನ್ನು ನೋಡಲು ಹೇಳಿ.

ಟೈರಿನ ಬಟನ್ (ಮೇಲಿನ ಗೀರುಗಳ ಆಳ) ನೋಡಿ. ಕಾನೂನಿನ ಪ್ರಕಾರ 1.6 ಮಿ.ಮೀ. ಇದ್ದರೆ ಸಾಕು. ನನ್ನನ್ನು ಕೇಳಿದರೆ ಕೊಡಗಿಗೆ ಅದು ಸಾಲದು, 3 ಮಿ.ಮೀ.ಗೆ ಬಂದಾಗಲೇ ಬದಲಾಯಿಸಿ. ಟೈರ್ ಸವೆದ ಗಾಡಿಯಲ್ಲಿ ಎಬಿಎಸ್ ಇದ್ದೂ ಹೆಚ್ಚು ಪ್ರಯೋಜನವಿಲ್ಲ, ಏಕೆಂದರೆ ರಸ್ತೆಗೆ ತಾಗುವುದು ಟೈರು ಮಾತ್ರ. ಒಂದು ಚಕ್ರಕ್ಕೆ ಬೇರೆ ಸೈಜಿನ ಟೈರ್ ಹಾಕಿದರೆ ಅದು ತಿರುಗುವ ಲೆಕ್ಕವೇ ಬೇರೆಯಾಗುತ್ತದೆ, ಸೆನ್ಸರ್ ತಪ್ಪು ತಿಳಿಯಬಹುದು. ಗಾಳಿಯನ್ನು ಬೆಳಿಗ್ಗೆ ಟೈರ್ ತಣ್ಣಗಿರುವಾಗಲೇ ನೋಡಿ. ಚಳಿಗೆ ಒತ್ತಡ ಇಳಿಯುತ್ತದೆ. ತಾಪಮಾನ ಹತ್ತು ಡಿಗ್ರಿ ಕಡಿಮೆಯಾದರೆ ಸುಮಾರು ಎರಡು ಪಾಯಿಂಟ್ (ಪಿಎಸ್‌ಐ) ಇಳಿದಿರುತ್ತದೆ.

ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಹೀರುತ್ತದೆ. ತೇವ ಸೇರಿದ ಆಯಿಲ್ ಘಾಟಿ ಇಳಿಯುವಾಗ ಬಿಸಿಗೆ ಬೇಗ ಕುದಿಯುತ್ತದೆ, ಪೆಡಲ್ ಮೆತ್ತಗಾಗುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಾಯಿಸಿ.

ಆ ನಡುಕವನ್ನು ಒಂದು ಸಲ ಕಾಲಿಗೆ ಪರಿಚಯ ಮಾಡಿಸಿ

ನನ್ನ ದೃಷ್ಟಿಯಲ್ಲಿ ಇಡೀ ಲೇಖನದಲ್ಲಿ ಮುಖ್ಯವಾದ ಭಾಗ ಇದು. ಯಾರೂ ಇಲ್ಲದ ಒಂದು ಸಮತಟ್ಟು ಜಾಗ ಹುಡುಕಿ. ಸಣ್ಣ ಜಲ್ಲಿ ಇರುವ ಖಾಲಿ ಜಾಗವಾದರೆ ಒಳ್ಳೆಯದು. ಅಕ್ಕಪಕ್ಕ ಮರ, ಕಲ್ಲು, ಚರಂಡಿ ಇರಬಾರದು. ಗಾಡಿಯನ್ನು 25–30 ಕಿ.ಮೀ.ಗೆ ತನ್ನಿ. ಹಿಂದೆ ಯಾರೂ ಇಲ್ಲ ಅಂತ ಕನ್ನಡಿಯಲ್ಲಿ ನೋಡಿ. ಆಮೇಲೆ ಬ್ರೇಕನ್ನು ಒಂದೇ ಸಲಕ್ಕೆ ಪೂರ್ತಿ ತುಳಿಯಿರಿ. ಮ್ಯಾನುವಲ್ ಗೇರ್ ಆದರೆ ಕ್ಲಚ್ಚನ್ನೂ ತುಳಿಯಿರಿ. ಪೆಡಲ್ ನಡುಗುತ್ತದೆ. ಕಾಲು ತೆಗೆಯಬೇಡಿ. ಗಾಡಿ ಪೂರ್ತಿ ನಿಲ್ಲುವ ತನಕ ಒತ್ತಿ ಹಿಡಿಯಿರಿ.

ಎರಡನೇ ಸಲ, ಬ್ರೇಕ್ ಒತ್ತಿ ಹಿಡಿದುಕೊಂಡೇ ಸ್ಟೇರಿಂಗನ್ನು ಸ್ವಲ್ಪ ಬಲಕ್ಕೆ ತಿರುಗಿಸಿ. ಗಾಡಿ ತಿರುಗುವುದು ನಿಮಗೇ ಗೊತ್ತಾಗುತ್ತದೆ. ಎಬಿಎಸ್‌ನಿಂದ ನಿಮಗೆ ಸಿಗುವ ದೊಡ್ಡ ಲಾಭ ಇದೇ. ಅವತ್ತು ಮಾದಾಪುರದ ಹತ್ತಿರ ಕಾಲು ತೆಗೆಯದೆ ಬಲಕ್ಕೆ ತಿರುಗಿಸಿದ್ದರೆ ನನಗೆ ಜಾಗವಿತ್ತು.

ಹಳೆಯ ಜೀಪು ಓಡಿಸಿ ಕಲಿತವರಿಗೆ ಇದು ಕಷ್ಟ. ಜಾರುವ ಕಡೆ ಬ್ರೇಕನ್ನು ಬಿಟ್ಟು ಬಿಟ್ಟು ಹಿಡಿ ಅಂತಲೇ ನಮಗೆ ಅಪ್ಪಂದಿರು ಹೇಳಿಕೊಟ್ಟಿದ್ದು. ಎಬಿಎಸ್ ಇಲ್ಲದ ಗಾಡಿಗೆ ಆ ಮಾತು ಇವತ್ತಿಗೂ ಸರಿ. ಎಬಿಎಸ್ ಇರುವ ಗಾಡಿಯಲ್ಲಿ ಹಾಗೆ ಮಾಡಿದರೆ ನೀವೇ ಅದರ ಕೆಲಸ ಕೆಡಿಸಿದಂತೆ. ಮನೆಯಲ್ಲಿ ಜೀಪು, ಕಾರು ಎರಡೂ ಇದ್ದರೆ ಯಾವುದರಲ್ಲಿ ಕೂತಿದ್ದೀರಿ ಅಂತ ಹೊರಡುವಾಗಲೇ ಒಂದು ಸಲ ನೆನಪಿಸಿಕೊಳ್ಳಿ.

ಮಂಜಿನಲ್ಲಿ ವೇಗದ ಲೆಕ್ಕ

ಬೆಳಗಿನ ದಟ್ಟ ಮಂಜಿನಲ್ಲಿ 30 ಮೀಟರ್ ಮುಂದಕ್ಕೆ ಕಂಡರೆ ಹೆಚ್ಚು. ಸಾರಿಗೆ ಬಸ್ಸು ಮೂರು ಸಾಲಾಗಿ ನಿಂತರೆ ಅದಕ್ಕಿಂತ ಉದ್ದವಾಗುತ್ತದೆ. ಈಗ 40 ಕಿ.ಮೀ. ವೇಗದಲ್ಲಿ ಒದ್ದೆ ಇಳಿಜಾರಿನಲ್ಲಿದ್ದೀರಿ ಅನ್ನಿ. ಕಣ್ಣಿಗೆ ಬಿದ್ದು ಕಾಲು ಬ್ರೇಕಿಗೆ ಹೋಗಲು ಒಂದು ಸೆಕೆಂಡ್, ಅಷ್ಟರಲ್ಲೇ 11 ಮೀಟರ್ ಹೋಯಿತು. ಬ್ರೇಕ್ ಹಿಡಿದ ಮೇಲೆ ಇನ್ನೊಂದು 20 ಮೀಟರ್. ಒಟ್ಟು 31. ಅಂದರೆ ಮಂಜಿನಿಂದ ಎದ್ದು ಬಂದ ಹಸುವಿಗೆ ಗುದ್ದುತ್ತೀರಿ, ಎಬಿಎಸ್ ಸರಿಯಾಗಿ ಕೆಲಸ ಮಾಡಿದರೂ. 30 ಕಿ.ಮೀ. ವೇಗದಲ್ಲಿದ್ದರೆ ಸುಮಾರು 20 ಮೀಟರಿನಲ್ಲೇ ನಿಲ್ಲುತ್ತೀರಿ. ಹತ್ತು ಕಿ.ಮೀ. ಕಡಿಮೆ ಮಾಡಿದ್ದಕ್ಕೆ ಸುಮಾರು 11 ಮೀಟರ್ ಉಳಿಯಿತು. ಯಾವ ಯಂತ್ರವೂ ನಿಮಗೆ ಇಷ್ಟು ಉಳಿಸಿಕೊಡುವುದಿಲ್ಲ.

ಹೆಡ್‌ಲೈಟ್ ಡಿಮ್‌ನಲ್ಲೇ ಇರಲಿ. ಹೈ ಬೀಮ್ ಹಾಕಿದರೆ ಬೆಳಕು ಮಂಜಿಗೆ ಬಡಿದು ನಿಮ್ಮ ಕಣ್ಣಿಗೇ ವಾಪಸ್ ಬರುತ್ತದೆ.

1980ರ ದಶಕದಲ್ಲಿ ಜರ್ಮನಿಯ ಮ್ಯೂನಿಕ್ ನಗರದಲ್ಲಿ ಟ್ಯಾಕ್ಸಿಗಳ ಮೇಲೆ ಒಂದು ಅಧ್ಯಯನ ನಡೆಯಿತು. ಕೆಲವಕ್ಕೆ ಎಬಿಎಸ್ ಇತ್ತು, ಕೆಲವಕ್ಕೆ ಇರಲಿಲ್ಲ. ಎಬಿಎಸ್ ಇದ್ದ ಟ್ಯಾಕ್ಸಿಗಳ ಅಪಘಾತ ಹೇಳಿಕೊಳ್ಳುವಷ್ಟು ಕಡಿಮೆಯಾಗಲಿಲ್ಲ. ಬ್ರೇಕ್ ಚೆನ್ನಾಗಿದೆ ಅನ್ನುವ ಧೈರ್ಯಕ್ಕೆ ಆ ಚಾಲಕರು ಜೋರಾಗಿ ಓಡಿಸಿದ್ದರು, ತಿರುವಿನಲ್ಲಿ ಬಿಗಿಯಾಗಿ ತಿರುಗಿಸಿದ್ದರು. "ಏನೂ ಆಗಲ್ಲ" ಅನ್ನುವ ನಮ್ಮೂರಿನ ಮಾತು ಕೇಳಿದಾಗೆಲ್ಲ ನನಗೆ ಆ ಟ್ಯಾಕ್ಸಿಗಳ ನೆನಪಾಗುತ್ತದೆ.

ಘಾಟಿ ಇಳಿಯುವಾಗ

ಸಂಪಾಜೆ ಘಾಟಿಯಾಗಲಿ, ಮಾಕುಟ್ಟದ ಕಡೆಯಾಗಲಿ, ಹತ್ತುವಾಗ ಯಾವ ಗೇರ್ ಬೇಕೋ ಇಳಿಯುವಾಗಲೂ ಅದೇ ಗೇರ್. ಪೆಟ್ರೋಲ್ ಉಳಿಯುತ್ತದೆ ಅಂತ ನ್ಯೂಟ್ರಲ್‌ನಲ್ಲಿ ಬಿಡುವವರು ಇನ್ನೂ ಇದ್ದಾರೆ. ದಯವಿಟ್ಟು ಬೇಡ. ಆಗ ಇಡೀ ಭಾರ ಬ್ರೇಕಿನ ಮೇಲೇ ಬೀಳುತ್ತದೆ. ಕಾದುಹೋದ ಬ್ರೇಕಿಗೆ ಎಬಿಎಸ್ ಏನೂ ಮಾಡಲಾರದು. ಸುಟ್ಟ ವಾಸನೆ ಬಂದರೆ ಜಾಗ ನೋಡಿ ನಿಲ್ಲಿಸಿ, ಅರ್ಧ ಗಂಟೆ ತಣಿಯಲು ಬಿಡಿ. ನೀರು ಹಾಕಬೇಡಿ, ಬಿಸಿ ಡಿಸ್ಕ್ ಸೊಟ್ಟಗಾಗಬಹುದು.

ಬ್ರೇಕ್ ತಿರುವಿಗೆ ಮೊದಲೇ ಆಗಬೇಕು. ತಿರುವಿನ ಒಳಗೆ ಟೈರಿನ ಹಿಡಿತವೆಲ್ಲ ತಿರುಗುವುದಕ್ಕೇ ಖರ್ಚಾಗುತ್ತಿರುತ್ತದೆ. ಮಳೆಗಾಲದ ಪಾಚಿ ನೆರಳಿನ ತಿರುವುಗಳಲ್ಲಿ ಜನವರಿವರೆಗೂ ಇರುತ್ತದೆ. ತೋಟದ ಗೇಟಿನ ಎದುರು ಟ್ರ್ಯಾಕ್ಟರ್ ಚಕ್ರದಿಂದ ಬಿದ್ದ ಮಣ್ಣು ಇಬ್ಬನಿಗೆ ಸೋಪಿನಂತಾಗಿರುತ್ತದೆ. ಕೊಯ್ಲಿನ ತಿಂಗಳುಗಳಲ್ಲಿ ಗೇಟು ಕಂಡ ಕಡೆಯೆಲ್ಲ ಕಾಲು ಆಕ್ಸಿಲರೇಟರಿನಿಂದ ಎದ್ದಿರಲಿ.

ಬೈಕಿನವರಿಗೆ

ಬಹಳ ಬೈಕುಗಳಲ್ಲಿ ಇರುವುದು ಸಿಂಗಲ್ ಚಾನೆಲ್ ಎಬಿಎಸ್. ಅದು ಮುಂದಿನ ಚಕ್ರಕ್ಕೆ ಮಾತ್ರ. ಹಿಂದಿನದು ಲಾಕ್ ಆಗಿ ಬಾಲ ಬೀಸಬಹುದು. ಸ್ಕೂಟರುಗಳಲ್ಲಿ ಹೆಚ್ಚಾಗಿ ಇರುವುದು ಸಿಬಿಎಸ್. ಒಂದು ಲಿವರ್ ಹಿಡಿದರೆ ಎರಡೂ ಚಕ್ರಕ್ಕೆ ಬ್ರೇಕ್ ಬೀಳುತ್ತದೆ, ಅಷ್ಟೇ. ಚಕ್ರ ಲಾಕ್ ಆಗುವುದನ್ನು ಅದು ತಡೆಯುವುದಿಲ್ಲ. ತಿರುವಿನಲ್ಲಿ ಬೈಕ್ ವಾಲಿರುವಾಗ ಸಾಮಾನ್ಯ ಎಬಿಎಸ್ ಮೇಲೆ ಭರವಸೆ ಇಡಬೇಡಿ. ಜಾಗವಿದ್ದರೆ ಮೊದಲು ಬೈಕನ್ನು ನೆಟ್ಟಗೆ ಮಾಡಿ, ಆಮೇಲೆ ಬ್ರೇಕ್ ಹಿಡಿಯಿರಿ.

ನಿಂತ ಮೇಲೆ

ಗಾಡಿ ನಿಂತಿತು ಅಂತ ಅಲ್ಲೇ ಕೂರಬೇಡಿ. ನಿಮ್ಮ ಹಿಂದೆ ಬರುತ್ತಿರುವುದು ಎಬಿಎಸ್ ಇಲ್ಲದ ಹಳೆಯ ಜೀಪು ಇರಬಹುದು, ಮರದ ದಿಮ್ಮಿ ತುಂಬಿದ ಲಾರಿಯೂ ಇರಬಹುದು. ಅವರಿಗೆ ನಿಮಗಿಂತ ಜಾಸ್ತಿ ದೂರ ಬೇಕು. ನಾಲ್ಕೂ ಇಂಡಿಕೇಟರ್ ಹಾಕಿ, ಕನ್ನಡಿ ನೋಡಿ, ತಿರುವಿನಿಂದ ದೂರಕ್ಕೆ ಗಾಡಿ ತನ್ನಿ. ಆಮೇಲೆ ಇಳಿದು ಏನಾಯಿತು ಅಂತ ನೋಡಿ.