ಸೊಪ್ಪಿನಬೆಟ್ಟ ಉಳಿಸಿಕೊಂಡವರನ್ನು ನಾವು ಗುರುತಿಸಿದ ಬಗೆ

ಶಿರಸಿ ಸೀಮೆಯ ನಮ್ಮ ಊರಿನಲ್ಲಿ ಅಡಿಕೆ ತೋಟ ನಿಂತಿರುವುದೇ ಸೊಪ್ಪಿನಬೆಟ್ಟದ, ಅಂದರೆ ತೋಟಕ್ಕೆ ಸೊಪ್ಪು ತರಲೆಂದು ಬಿಟ್ಟ ಕಾಡಿನ, ಆಸರೆಯಲ್ಲಿ. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟ ಬಿಡುವ ಪದ್ಧತಿ ಬ್ರಿಟಿಷರ ಆಳ್ವಿಕೆಯಿಂದ ಬಂದದ್ದು. ಅಲ್ಲಿನ ಸೊಪ್ಪು, ದರಕುಗಳು (ಉದುರಿದ ಒಣ ಎಲೆಗಳು) ಕೊಟ್ಟಿಗೆಯಲ್ಲಿ ಗೊಬ್ಬರವಾಗಿ ತೋಟ ಸೇರುತ್ತವೆ. ಆದರೆ ಬೆಟ್ಟದ ನೆಲ ರೈತನ ಸ್ವತ್ತಲ್ಲ, ಅವನಿಗಿರುವುದು ಬಳಕೆಯ ಸವಲತ್ತು ಮಾತ್ರ. ಹೀಗಿದ್ದೂ, ತಾವು ಮಾರಲಾಗದ ಮತ್ತಿ, ಹೊನ್ನೆ, ನೇರಳೆ ಮರಗಳನ್ನು ತಲೆಮಾರುಗಳಿಂದ ಕಾಯ್ದುಕೊಂಡು ಬಂದ ಮನೆಗಳಿವೆ. ಅವರನ್ನು ಊರೆದುರು ಗೌರವಿಸಬೇಕೆಂದು ನಾವು ಐದಾರು ಮಂದಿ ಸೇರಿ ಕೆಲಸ ಆರಂಭಿಸಿದೆವು.

ಮೊದಲ ವರ್ಷ ಅರ್ಜಿ ಕರೆದದ್ದೇ ತಪ್ಪಾಯಿತು. ಬರೆಯಬಲ್ಲವರಷ್ಟೇ ಬರೆದರು, ಎಣಿಸಲು ಸುಲಭವೆಂದು ನಾವೂ ಹೆಚ್ಚು ಸಸಿ ನೆಟ್ಟವರನ್ನೇ ಆರಿಸಿದೆವು. ಸರ್ಕಾರದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯೂ ಬದುಕುಳಿದ ಸಸಿಗೆ ಹಣ ಕೊಡುತ್ತದೆ, ಅದರಿಂದ ಉಪಯೋಗವೂ ಇದೆ. ಆದರೆ ಮೊದಲೇ ನಿಂತಿರುವ ಮರವನ್ನು ಕಾಯ್ದವರ ಲೆಕ್ಕ ಅದರಲ್ಲಿ ಬರುವುದಿಲ್ಲ. ಉಪ್ಪಾಗೆ, ಮುರುಗಲಿನ ಎಳೆಗಿಡಗಳು ಒತ್ತಾಗಿ ಎದ್ದಿದ್ದ ಬೆಟ್ಟವೊಂದರ ಹಿರಿಯರನ್ನು ಅರ್ಜಿ ಏಕೆ ಕೊಡಲಿಲ್ಲವೆಂದು ಕೇಳಿದಾಗ, "ನಾನು ನೆಟ್ಟದ್ದೇನೂ ಇಲ್ಲವಲ್ಲ, ಬರೀ ಬಿಟ್ಟದ್ದು" ಎಂದರು. ಆ ಮಾತು ನಮ್ಮ ಅಳತೆಗೋಲನ್ನೇ ಬದಲಿಸಿತು.

ಮರುವರ್ಷ ಅರ್ಜಿ ಕೈಬಿಟ್ಟು, ದರಕು ಗುಡಿಸುವ ಕೆಲಸ ಮುಗಿಯುತ್ತಿದ್ದಂತೆ ಬೆಟ್ಟಗಳನ್ನೇ ಸುತ್ತಿದೆವು. ಹತ್ತು ಹೆಜ್ಜೆ ಚೌಕದಲ್ಲಿ ತಾನಾಗಿ ಹುಟ್ಟಿದ ಗಿಡಗಳೆಷ್ಟು, ಸೊಪ್ಪು ಕಡಿಯುವಾಗ ಮರದ ತಲೆ ಬಿಟ್ಟಿದ್ದಾರೆಯೇ, ಕಳೆದ ವರ್ಷ ಕಡಿದ ಮರಕ್ಕೆ ಈ ವರ್ಷ ಬಿಡುವು ಸಿಕ್ಕಿದೆಯೇ, ಬೆಂಕಿ ಹರಿಯದಂತೆ ಅಂಚು ಸವರಿದ್ದಾರೆಯೇ ಎಂದು ನೋಡಿದೆವು. ನೆಲದ ಮೇಲೆ ದರಕಿನ ಹೊದಿಕೆ ಉಳಿದಿದೆಯೇ ಎಂಬುದಕ್ಕೆ ನಾನು ಎಲ್ಲಕ್ಕಿಂತ ಹೆಚ್ಚು ತೂಕ ಕೊಡುತ್ತೇನೆ. ಪೂರ್ತಿ ಗುಡಿಸಿದ ಇಳಿಜಾರಿನಲ್ಲಿ ಮಲೆನಾಡಿನ ಮಳೆ ಮೇಲ್ಮಣ್ಣನ್ನು ಉಳಿಸುವುದಿಲ್ಲ, ನೀರೂ ಇಂಗುವುದಿಲ್ಲ.

ಯಾವ ಮರಕ್ಕೆ ಬಿಡುವು ಕೊಟ್ಟಿದ್ದೆಂದು ನಿಖರವಾಗಿ ಹೇಳಿದವರು ಅನೇಕ ಕಡೆ ಮನೆಯ ಹೆಂಗಸರು ಮತ್ತು ಸೊಪ್ಪು ಕಡಿಯುವ ಆಳುಗಳು. ಯಜಮಾನರ ಹೆಸರನ್ನಷ್ಟೇ ಕರೆದಿದ್ದ ಮೊದಲ ವರ್ಷದ ಸಭೆ ನೆನಪಾಗಿ ನನಗೆ ನಾಚಿಕೆಯಾಯಿತು. ಈಗ ಕೆಲಸದವರೂ ಸೇರಿದಂತೆ ಎಲ್ಲರ ಹೆಸರನ್ನೂ ಓದುತ್ತೇವೆ.

ಶಾಲು, ಫಲಕ, ನಗದು ಯಾವುದೂ ಇಲ್ಲ; ಮೊದಲನೆಯವರು, ಎರಡನೆಯವರೆಂಬ ಕ್ರಮವೂ ಇಲ್ಲ. ಆ ಬೆಟ್ಟದಲ್ಲೇ ನೆರೆಯವರನ್ನು ಸೇರಿಸಿ, ಅವರು ಮಾಡಿದ್ದೇನೆಂಬ ಎರಡು ಪುಟದ ಬರಹವನ್ನು ಗಟ್ಟಿಯಾಗಿ ಓದಿ, ಪ್ರತಿಯನ್ನು ಮನೆಯವರ ಕೈಗಿಡುತ್ತೇವೆ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿ ಇಡಬೇಕಾದ ದಾಖಲೆಗೂ ಒಂದು ಪ್ರತಿ ಸಲ್ಲಿಸುತ್ತೇವೆ. ಕಳೆದ ಸಲ ಓದು ಮುಗಿದ ಮೇಲೆ ಪಕ್ಕದ ಬೆಟ್ಟದವರು ನಮ್ಮನ್ನು ನಿಲ್ಲಿಸಿ, ತಾವು ಈ ವರ್ಷ ಅರ್ಧ ಬೆಟ್ಟವನ್ನು ಗುಡಿಸದೆ ಬಿಡುವುದಾಗಿಯೂ, ಮಳೆಗಾಲ ಕಳೆದ ಮೇಲೆ ಬಂದು ನೋಡಬೇಕೆಂದೂ ಹೇಳಿದರು.